ಹಾಸ್ಪಿಸ್ ಆರಿಸುವಾಗ ರಾತ್ರಿಯ ಬಗ್ಗೆ ಕೇಳಿ

"ಇನ್ನು ಟ್ರೀಟ್‌ಮೆಂಟ್ ಕೊಟ್ಟು ಪ್ರಯೋಜನ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ಡಾಕ್ಟರ್ ಹೇಳಿದ ದಿನ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಕೈಯಲ್ಲಿ ಒಂದು ಡಿಸ್ಚಾರ್ಜ್ ಸಮ್ಮರಿ ಇರುತ್ತದೆ, ಅಷ್ಟೇ. ಕೊನೆಯ ದಿನಗಳಲ್ಲಿ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಹಾಸ್ಪಿಸ್ ಅಂತ ಒಂದಿದೆ, ಅಲ್ಲಿಗೆ ಸೇರಿಸಿ ಎಂದು ಯಾರೋ ಹೇಳುತ್ತಾರೆ. ಮನೆಗೇ ನರ್ಸ್ ಬರುತ್ತಾರೆ ಎಂದು ಇನ್ಯಾರೋ ಫೋನ್ ನಂಬರ್ ಕೊಡುತ್ತಾರೆ. ಒಂದೆರಡು ದಿನದಲ್ಲಿ ತೀರ್ಮಾನ ಆಗಬೇಕು. ಆಗ ನಾವು ಏನು ನೋಡುತ್ತೇವೆ? ಕಟ್ಟಡ ಚೆನ್ನಾಗಿದೆಯಾ, ಗಾಳಿ ಬೆಳಕು ಬರುತ್ತದಾ, ಮನೆಯಿಂದ ಎಷ್ಟು ದೂರ, ಎಷ್ಟು ದುಡ್ಡು. ಇವೆಲ್ಲ ನೋಡಬೇಕಾದವೇ. ಆದರೆ ರೋಗಿಯ ಕೊನೆಯ ವಾರಗಳು ಹೇಗೆ ಕಳೆಯುತ್ತವೆ ಎಂಬುದು ಇವುಗಳಿಂದ ಗೊತ್ತಾಗುವುದಿಲ್ಲ. ನಡುರಾತ್ರಿ ಎರಡು ಗಂಟೆಗೆ ನೋವು ಜಾಸ್ತಿಯಾದರೆ ಯಾರು ಬರುತ್ತಾರೆ? ಅವರ ಕೈಯಲ್ಲಿ ಯಾವ ಔಷಧಿ ಇರುತ್ತದೆ? ಅದನ್ನು ಆಗಲೇ ಕೊಡಲು ಅವರಿಗೆ ಅನುಮತಿ ಇದೆಯಾ? ನನ್ನ ಪ್ರಕಾರ ಒಂದು ಹಾಸ್ಪಿಸ್ ಹೇಗಿದೆ ಎಂಬುದು ಬಹುಪಾಲು ಈ ಮೂರು ಪ್ರಶ್ನೆಗಳಲ್ಲೇ ತಿಳಿದುಹೋಗುತ್ತದೆ.

ಹಾಸ್ಪಿಸ್ ಅಂದರೆ ಏನು, ಏನಲ್ಲ

ಈಗಿನ ರೀತಿಯ ಹಾಸ್ಪಿಸ್ ಶುರುವಾಗಿದ್ದು 1967ರಲ್ಲಿ, ಲಂಡನ್‌ನ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ. ಅದನ್ನು ಕಟ್ಟಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಓದಿದರು. ಸಾಯುತ್ತಿರುವವರ ನೋವಿನಲ್ಲಿ ಮೈಯ ನೋವಿನ ಜೊತೆ ಮನಸ್ಸಿನ ಭಯ, ಸಾಲದ ಚಿಂತೆ, ಮಕ್ಕಳ ಚಿಂತೆ, ದೇವರ ಮೇಲಿನ ಪ್ರಶ್ನೆ ಎಲ್ಲವೂ ಸೇರಿರುತ್ತದೆ ಎಂದು ಅವರು ಕಂಡುಕೊಂಡಿದ್ದರು. ಹಾಗಾಗಿ ಡಾಕ್ಟರ್ ಒಬ್ಬರಿದ್ದರೆ ಸಾಲದು, ಒಂದು ತಂಡವೇ ಬೇಕು. ಭಾರತದ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬೈನ ಬಾಂದ್ರಾದಲ್ಲಿ ಶುರುವಾದ ಶಾಂತಿ ಅವೇದನಾ ಸದನ. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಬ್ಯಾಂಗಳೂರ್ ಹಾಸ್ಪಿಸ್ ಟ್ರಸ್ಟ್ ಹುಟ್ಟಿತು. ಅದು ಮಾರತಹಳ್ಳಿ ಕಡೆ ಕಟ್ಟಿದ ಕರುಣಾಶ್ರಯ 1999ರಿಂದ, ಮುಂದುವರಿದ ಕ್ಯಾನ್ಸರ್ ಇರುವವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾ ಬಂದಿದೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪ್ಯಾಲಿಯೇಟಿವ್ ಕೇರ್ ಎಂದರೆ ರೋಗದ ಜೊತೆಗಿನ ನೋವು, ಸಂಕಟ ಕಡಿಮೆ ಮಾಡುವ ವೈದ್ಯಕೀಯ. ಕೀಮೋ ನಡೆಯುತ್ತಿರುವಾಗಲೂ ಅದನ್ನು ಪಡೆಯಬಹುದು, ಪಡೆಯಬೇಕು. ಹಾಸ್ಪಿಸ್ ಅದರ ಕೊನೆಯ ಭಾಗ. ರೋಗ ವಾಸಿ ಮಾಡುವ ಪ್ರಯತ್ನ ನಿಂತ ಮೇಲೆ ಬರುವುದು. ಅದು ಕಟ್ಟಡವೂ ಆಗಿರಬಹುದು, ಮನೆಗೆ ಬರುವ ತಂಡವೂ ಆಗಿರಬಹುದು. ಆದರೆ ವೃದ್ಧಾಶ್ರಮದ ಎರಡು ರೂಮಿಗೆ "ಪ್ಯಾಲಿಯೇಟಿವ್ ಕೇರ್" ಎಂದು ಬೋರ್ಡ್ ಹಾಕಿದರೆ ಅದು ಹಾಸ್ಪಿಸ್ ಆಗುವುದಿಲ್ಲ. ಸ್ನಾನ ಮಾಡಿಸಿ, ಊಟ ಮಾಡಿಸುವ ಹುಡುಗಿಯನ್ನು ತಿಂಗಳ ಲೆಕ್ಕದಲ್ಲಿ ಕಳಿಸುವ ಹೋಂ ನರ್ಸ್ ಏಜೆನ್ಸಿಯೂ ಅಲ್ಲ. ಆ ಕೆಲಸ ಕೂಡ ದೊಡ್ಡದೇ. ಆದರೆ ನೋವಿಗೆ ಔಷಧಿ ಬರೆಯುವವರು, ಅದನ್ನು ಸರಿಯಾಗಿ ಕೊಡುವ ತರಬೇತಾದ ನರ್ಸ್, ಮನೆಯವರ ಜೊತೆ ಕೂತು ಮಾತಾಡುವ ಕೌನ್ಸೆಲರ್ ಇಲ್ಲದಿದ್ದರೆ ಕೊನೆಗೆ ಏನಾದರೂ ಆದಾಗ ಆಂಬುಲೆನ್ಸ್ ಕರೆಸಿ ಎಮರ್ಜೆನ್ಸಿಗೆ ಓಡುವುದೇ ಗತಿ.

ಅಮೆರಿಕದಲ್ಲಿ ಇರುವವರಿಗೆ ಈ ಹುಡುಕಾಟ ಸ್ವಲ್ಪ ಸುಲಭ. ಅಲ್ಲಿ ಸರ್ಕಾರದ ಮೆಡಿಕೇರ್ ವಿಮೆ 1983ರಿಂದ ಹಾಸ್ಪಿಸ್ ಖರ್ಚು ಕೊಡುತ್ತಿದೆ, ಕೊಟ್ಟ ದುಡ್ಡಿಗೆ ಲೆಕ್ಕವನ್ನೂ ಕೇಳುತ್ತದೆ. ಕೇರ್ ಕಂಪೇರ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಒಂದೊಂದು ಹಾಸ್ಪಿಸ್‌ನ ಅಂಕಿಗಳೂ ಸಿಗುತ್ತವೆ. ತೀರಿಕೊಂಡವರ ಮನೆಯವರನ್ನು ಕೇಳಿ ಪಡೆದ ಉತ್ತರಗಳು ಅಲ್ಲಿವೆ. ಕೊನೆಯ ಮೂರು ದಿನಗಳಲ್ಲಿ ಕನಿಷ್ಠ ಎರಡು ದಿನ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಖುದ್ದಾಗಿ ಬಂದರಾ ಎಂಬ ಲೆಕ್ಕವೂ ಇದೆ. ನಮ್ಮಲ್ಲಿ ಪ್ಯಾಲಿಯೇಟಿವ್ ಕೇರ್ ವೈದ್ಯರು ಸೇರಿ ಕನಿಷ್ಠ ಮಾನದಂಡಗಳ ಪಟ್ಟಿ ಮಾಡಿದ್ದಾರೆ. ಅದು ಕೇಂದ್ರಗಳು ತಮ್ಮನ್ನು ತಾವೇ ಅಳೆದುಕೊಳ್ಳಲು. ನಾವು ಮನೆಯಲ್ಲಿ ಕೂತು ನಾಲ್ಕು ಕೇಂದ್ರಗಳನ್ನು ಹೋಲಿಸಿ ನೋಡುವಂಥ ಅಂಕಪಟ್ಟಿ ಅಲ್ಲ. ಹಾಗಾಗಿ ನಾವೇ ಹೋಗಿ, ನೋಡಿ, ಕೇಳಿ ತಿಳಿದುಕೊಳ್ಳಬೇಕು.

ಮೊದಲ ಪ್ರಶ್ನೆ: ಮಾರ್ಫಿನ್ ಇದೆಯಾ?

ಕ್ಯಾನ್ಸರ್‌ನ ಕೊನೆಯ ಹಂತದ ತೀವ್ರ ನೋವು ಪ್ಯಾರಾಸಿಟಮಾಲ್‌ಗೆ ಬಗ್ಗುವುದಿಲ್ಲ. ಅದಕ್ಕಿಂತ ಬಲವಾದ ಟ್ರಮಡಾಲ್‌ಗೂ ಒಂದು ಮಿತಿ ಇದೆ. ಆಮೇಲೆ ಬೇಕಾಗುವುದು ಅಫೀಮಿನಿಂದ ತಯಾರಾಗುವ ಮಾರ್ಫಿನ್. ಬಾಯಲ್ಲಿ ನುಂಗುವ ಮಾತ್ರೆ, ಬೆಲೆಯೂ ಕಡಿಮೆ. ಅಫೀಮು ಗಿಡವನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಆದರೂ ಇಲ್ಲಿಯ ರೋಗಿಗಳಿಗೇ ಅದು ಸಿಗದೆ ಹೋಯಿತು. ಮಾದಕ ವಸ್ತು ತಡೆಯಲು 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯ್ದೆ ಎಷ್ಟು ಬಿಗಿಯಾಗಿತ್ತೆಂದರೆ, ಒಂದು ಸಲ ಮಾರ್ಫಿನ್ ತರಿಸಲು ಬೇರೆ ಬೇರೆ ಇಲಾಖೆಗಳ ಹಲವು ಲೈಸೆನ್ಸ್ ಬೇಕಿತ್ತು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಆಸ್ಪತ್ರೆಗಳು ಸುಮ್ನೆ ತಲೆನೋವು ಯಾಕೆ ಎಂದು ಇಟ್ಟುಕೊಳ್ಳುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ವರ್ಷದ ಬಳಕೆ 18 ಕಿಲೋಗೆ ಬಂದು ನಿಂತಿತ್ತು. ಒಂದಿಡೀ ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ಕಾಲೇಜಿನಿಂದ ಹೊರಗೆ ಬಂದರು. ಕೇರಳದ ಪ್ಯಾಲಿಯೇಟಿವ್ ಕೇರ್ ವೈದ್ಯ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಾತಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಈಗ ರಾಜ್ಯದ ಔಷಧ ನಿಯಂತ್ರಕರು "ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ" ಎಂದು ಒಪ್ಪಿಗೆ ಕೊಟ್ಟರೆ ಸಾಕು. ಅದಕ್ಕೆ ಆರ್‌ಎಂಐ ಎನ್ನುತ್ತಾರೆ. ಅಲ್ಲಿ ತರಬೇತಿ ಪಡೆದ ಒಬ್ಬ ಡಾಕ್ಟರಾದರೂ ಇರಬೇಕು.

ಹಾಗಾಗಿ ಕೇಳಬೇಕಾದ ಮೊದಲ ಮಾತು ಇದೇ: "ನಿಮಗೆ ಆರ್‌ಎಂಐ ಮಾನ್ಯತೆ ಇದೆಯಾ? ಮಾರ್ಫಿನ್ ಮಾತ್ರೆ ಈಗ ಸ್ಟಾಕ್ ಇದೆಯಾ? ಕಳೆದ ಕೆಲವು ತಿಂಗಳಲ್ಲಿ ಯಾವಾಗಲಾದರೂ ಖಾಲಿಯಾಗಿತ್ತಾ?" ಇದ್ದವರು ಸಲೀಸಾಗಿ ಉತ್ತರ ಕೊಡುತ್ತಾರೆ. "ನಾವು ಅಷ್ಟು ಸ್ಟ್ರಾಂಗ್ ಔಷಧಿ ಕೊಡಲ್ಲ, ಪೇಷಂಟ್‌ಗೆ ಒಳ್ಳೇದಲ್ಲ" ಎಂದರೆ ಅಲ್ಲಿಂದ ಎದ್ದು ಬನ್ನಿ. ತೀವ್ರ ನೋವಿರುವ ಕ್ಯಾನ್ಸರ್ ರೋಗಿಗೆ ಈ ಉತ್ತರ ಕೊಡುವ ಜಾಗದಲ್ಲಿ ಮಿಕ್ಕಿದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಉಪಯೋಗವಿಲ್ಲ.

ಮಾರ್ಫಿನ್ ಬಗ್ಗೆ ಮನೆಯವರಿಗೂ ಭಯ ಇರುತ್ತದೆ. ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ, ಇದು ಕೊಟ್ಟರು ಎಂದರೆ ಮುಗೀತು ಎಂದೇ ಅರ್ಥ ಎಂದುಕೊಳ್ಳುತ್ತಾರೆ. ಕಡಿಮೆ ಡೋಸ್‌ನಿಂದ ಶುರು ಮಾಡಿ, ನೋವು ನೋಡಿಕೊಂಡು ಹೆಚ್ಚಿಸುತ್ತಾ ಹೋದರೆ ಮಾರ್ಫಿನ್ ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ. ನೋವಿಗೆಂದು ತೆಗೆದುಕೊಳ್ಳುವ ಇಂಥ ರೋಗಿಗಳಲ್ಲಿ ಚಟ ಅಪರೂಪ. ಒಳ್ಳೆಯ ತಂಡ ಈ ಮಾತನ್ನು ನೀವು ಕೇಳುವ ಮೊದಲೇ ಎತ್ತಿ, ಸಮಾಧಾನದಿಂದ ವಿವರಿಸುತ್ತದೆ.

ಒಂದು ಔಷಧಿ ಚೀಟಿ ಹೇಗಿರಬೇಕು ನೋಡಿ. ಮಾಮೂಲಿ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ ಮಾತ್ರ. ಆದ್ದರಿಂದ ಚೀಟಿಯಲ್ಲಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಹೊತ್ತು ಹಾಕಿರುತ್ತದೆ. ನಡುರಾತ್ರಿ ಎಬ್ಬಿಸುವುದು ಬೇಡ ಎಂದು ರಾತ್ರಿ 10ರದ್ದನ್ನು ಎರಡರಷ್ಟು ಬರೆಯುವುದುಂಟು. ಕಿಡ್ನಿ ತೊಂದರೆ ಇದ್ದರೆ ಹೊತ್ತಿನ ಅಂತರ ಹೆಚ್ಚಿಸುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು: ನಡುವೆ ನೋವು ಎದ್ದರೆ ಕೊಡಬೇಕಾದ ಹೆಚ್ಚುವರಿ ಡೋಸ್ ಎಷ್ಟು. ಅದರ ಕೆಳಗೆ ಮಲ ಸಡಿಲವಾಗಲು ಒಂದು ಔಷಧಿ, ದಿನಾ. ಯಾಕೆಂದರೆ ಮಾರ್ಫಿನ್ ತೆಗೆದುಕೊಂಡವರಿಗೆ ಮಲಬದ್ಧತೆ ಹೆಚ್ಚುಕಡಿಮೆ ಗ್ಯಾರಂಟಿ. ಮೊದಲ ಕೆಲವು ದಿನಕ್ಕೆ ವಾಂತಿ ತಡೆಯುವ ಮಾತ್ರೆಯೂ ಇರಬಹುದು. ಇದರ ಬದಲು ಚೀಟಿಯಲ್ಲಿ "ನೋವು ಬಂದಾಗ" ಎಂದು ಒಂದೇ ಸಾಲು ಇದ್ದರೆ ರೋಗಿ ಪ್ರತಿ ಸಲ ನೋವು ತಿಂದು, ಕರೆದು, ಕಾದು, ಆಮೇಲೆ ಮಾತ್ರೆ ಪಡೆಯಬೇಕಾಗುತ್ತದೆ. ಮಲದ ಔಷಧಿ ಇಲ್ಲದೆ ಬರೀ ಮಾರ್ಫಿನ್ ಬರೆದಿದ್ದರೆ ಬರೆದವರಿಗೆ ಈ ಕೆಲಸದ ಅಭ್ಯಾಸ ಇಲ್ಲ ಎಂದು ತಿಳಿಯಬಹುದು. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ ಎಂದು ದಿನಾ ಕೇಳಿ ಬರೆದಿಡುತ್ತಾರಾ ಎಂದೂ ವಿಚಾರಿಸಿ. ಮಾತಾಡಲಾಗದ ರೋಗಿಯಾದರೆ ಮುಖ, ಹುಬ್ಬು, ನರಳಿಕೆ ನೋಡಿ ಅಳೆಯುವ ಪದ್ಧತಿ ಇದೆ. ಅದು ಗೊತ್ತಿದೆಯಾ ಎಂದು ಕೇಳಿ.

ರಾತ್ರಿ ಯಾರಿರುತ್ತಾರೆ?

ಹಗಲು ಹನ್ನೊಂದು ಗಂಟೆಗೆ ಹೋದರೆ ಎಲ್ಲ ಹಾಸ್ಪಿಸ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ರೌಂಡ್ಸ್ ಮುಗಿದಿರುತ್ತದೆ, ಹಾಸಿಗೆ ಬದಲಾಗಿರುತ್ತದೆ. ಸಾಧ್ಯವಾದರೆ ಸಂಜೆ ಏಳರ ಮೇಲೆ, ಇಲ್ಲ ಭಾನುವಾರ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ನರ್ಸ್, ಅವರಲ್ಲಿ ನರ್ಸಿಂಗ್ ಓದಿದವರು ಎಷ್ಟು, ಆಯಾಗಳು ಎಷ್ಟು ಎಂದು ಬಿಡಿಸಿ ಕೇಳಿ. ಡಾಕ್ಟರ್ ರಾತ್ರಿ ಅಲ್ಲೇ ಇರುತ್ತಾರಾ, ಫೋನಿನಲ್ಲಿ ಸಿಗುತ್ತಾರಾ? ಫೋನಿನಲ್ಲಾದರೆ ಅವರ ಮಾತಿನ ಮೇಲೆ ನರ್ಸ್ ಆ ಕ್ಷಣ ಇಂಜೆಕ್ಷನ್ ಕೊಡಬಹುದಾ, ಬೆಳಗ್ಗೆ ತನಕ ಕಾಯಬೇಕಾ? ಮಾರ್ಫಿನ್ ಇಟ್ಟ ಬೀರುವಿನ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ? ಈ ಕೊನೆಯ ಪ್ರಶ್ನೆ ಚಿಲ್ಲರೆ ಎನಿಸಬಹುದು. ಕಾಯ್ದೆ ಪ್ರಕಾರ ಬೀಗ ಹಾಕಿಯೇ ಇಡಬೇಕು, ಸರಿ. ಆದರೆ ಬೀಗದ ಕೈ ಇಟ್ಟುಕೊಂಡವರು ಸಂಜೆ ಮನೆಗೆ ಹೋಗುವ ಪದ್ಧತಿಯಿದ್ದರೆ ಸ್ಟಾಕ್ ಇದ್ದೂ ಇಲ್ಲದ ಹಾಗೆ ಆಯಿತಲ್ವಾ?

ಮನೆಗೆ ಬರುವ ತಂಡವನ್ನು ಆರಿಸುವಾಗ ರಾತ್ರಿಯ ಪ್ರಶ್ನೆ ಇನ್ನೂ ಮುಖ್ಯ. ತಂಡ ವಾರಕ್ಕೆ ಎಷ್ಟು ಸಲ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಬಾರದ ದಿನಗಳಲ್ಲಿ ಏನು ಎಂದು ಕೇಳುವವರು ಕಡಿಮೆ. ರಾತ್ರಿ ಫೋನ್ ಮಾಡಿದರೆ ಎತ್ತುವವರು ನಮ್ಮ ರೋಗಿಯ ಫೈಲ್ ಗೊತ್ತಿರುವ ನರ್ಸಾ, ಬರೀ ಕಾಲ್ ಸೆಂಟರಾ? ತೀರ್ಮಾನ ಮಾಡುವ ಮೊದಲು ಆ ನಂಬರಿಗೆ ಒಂದು ರಾತ್ರಿ ಹತ್ತರ ಮೇಲೆ ಫೋನ್ ಮಾಡಿ, ನಮ್ಮ ಪರಿಸ್ಥಿತಿ ಹೀಗಿದೆ, ಸೇರಿಸಿಕೊಳ್ಳುತ್ತೀರಾ ಎಂದು ವಿಚಾರಿಸಿ. ಎತ್ತುವುದಕ್ಕೆ ಎಷ್ಟು ಹೊತ್ತಾಯಿತು, ಹೇಗೆ ಮಾತಾಡಿದರು ಎಂಬುದರಲ್ಲೇ ಸಾಕಷ್ಟು ಗೊತ್ತಾಗುತ್ತದೆ. ಒಳ್ಳೆಯ ತಂಡಗಳು ಮುಂದೆ ಬರಬಹುದಾದ ತೊಂದರೆಗಳನ್ನು ಊಹಿಸಿ ಔಷಧಿಗಳನ್ನು ಮೊದಲೇ ಮನೆಯಲ್ಲಿ ಇಡಿಸುತ್ತವೆ. ಯಾವುದಕ್ಕೆ ಯಾವುದು ಎಂದು ಕನ್ನಡದಲ್ಲೋ, ಮನೆಯವರ ಭಾಷೆಯಲ್ಲೋ ಬರೆದು ಕೊಡುತ್ತವೆ. ನುಂಗಲು ಆಗದೆ ಹೋದಾಗ ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು, ಅದರಲ್ಲಿ ಔಷಧಿ ಹಾಕುವುದನ್ನು ಮನೆಯವರಿಗೇ ಕಲಿಸುತ್ತವೆ.

ಕೊನೆಯ ದಿನಗಳಲ್ಲಿ ಗಂಟಲಲ್ಲಿ ಕಫ ಕಟ್ಟಿ ಗೊರಗೊರ ಸದ್ದು ಬರುವುದುಂಟು. ನೋಡುವವರಿಗೆ ಜೀವ ಹೋದಂತಾಗುತ್ತದೆ. ಹೆಚ್ಚಿನ ಸಲ ಆ ಹೊತ್ತಿಗೆ ರೋಗಿಗೆ ಎಚ್ಚರ ಇರುವುದಿಲ್ಲ. ಮಗ್ಗುಲಿಗೆ ಮಲಗಿಸುವುದು, ಬೇಕಾದರೆ ಕಫ ಕಡಿಮೆ ಮಾಡುವ ಇಂಜೆಕ್ಷನ್, ಇಷ್ಟೇ ಮಾಡುವುದು. ಹೀಗೆ ಆಗಬಹುದು ಎಂದು ತಂಡ ಮೊದಲೇ ಹೇಳಿದ್ದ ಮನೆಯಲ್ಲಿ ಮಗ ತಾಯಿಯ ಕೈ ಹಿಡಿದು ಕೂತಿರುತ್ತಾನೆ. ಹೇಳದೇ ಇದ್ದ ಮನೆಯಲ್ಲಿ ಅದೇ ಮಗ ಗಾಬರಿಯಾಗಿ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಾನೆ, ತಾಯಿ ಐಸಿಯುನಲ್ಲಿ ಪೈಪುಗಳ ನಡುವೆ ತೀರಿಕೊಳ್ಳುತ್ತಾರೆ. "ಕೊನೆಯ ದಿನ ಏನೇನಾಗುತ್ತದೆ ಎಂದು ನಮಗೆ ಮೊದಲೇ ಹೇಳುತ್ತೀರಾ?" ಎಂದು ಕೇಳಿ ನೋಡಿ. ಉತ್ತರ ಕೊಡಲು ಅವರೇ ತಡವರಿಸಿದರೆ ಯೋಚಿಸಿ.

ವಾರ್ಡಿನಲ್ಲಿ ಏನು ನೋಡಬೇಕು

ಒಳಗೆ ಹೋಗಲು ಬಿಟ್ಟರೆ ಗೋಡೆ ನೋಡಬೇಡಿ, ಮಲಗಿರುವವರ ತುಟಿ ನೋಡಿ. ತುಟಿ ಒಡೆದು, ಬಾಯಿ ಒಣಗಿ, ನಾಲಿಗೆ ಮೇಲೆ ಬಿಳಿ ಕಟ್ಟಿದ್ದರೆ ದಿನಕ್ಕೆ ನಾಲ್ಕಾರು ಸಲ ಬಾಯಿ ಒರೆಸುವವರು ಇಲ್ಲ ಎಂದರ್ಥ. ನೀರಿನ ಲೋಟ, ಕರೆಗಂಟೆ ಕೈಗೆ ಎಟುಕುವ ಹಾಗಿವೆಯಾ? ಉಗುರು ಕತ್ತರಿಸಿದ್ದಾರಾ? ಅಲುಗಾಡಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿಯ ಕೆಳಗೆ ದಿಂಬು ಇಟ್ಟು ಎತ್ತಿರಬೇಕು. ಅರ್ಧ ಗಂಟೆ ಕೂತಿದ್ದರೆ ಯಾರನ್ನಾದರೂ ತಿರುಗಿಸಿದ್ದು ಕಾಣಬೇಕು. ತೀರಾ ಕೊನೆಯಲ್ಲಿ ಎಷ್ಟೇ ನೋಡಿಕೊಂಡರೂ ಕೆಲವರಿಗೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಆದ್ದರಿಂದ ಬೆಡ್‌ಸೋರ್ ಇದೆ ಎಂದ ಮಾತ್ರಕ್ಕೆ ಜಾಗ ಕೆಟ್ಟದ್ದಲ್ಲ. ಅದನ್ನು ಬರೆದಿಟ್ಟು, ದಿನಾ ಡ್ರೆಸ್ಸಿಂಗ್ ಮಾಡುತ್ತಾರಾ ಎಂಬುದು ಮುಖ್ಯ.

ವಾಸನೆಯ ವಿಷಯ ಹೇಳಲೇಬೇಕು. ಬಾಯಿ, ಕುತ್ತಿಗೆ, ಸ್ತನದ ಕ್ಯಾನ್ಸರ್ ಗಾಯ ಹೊರಗೆ ಒಡೆದರೆ ನಾರುತ್ತದೆ. ಮನೆಯಲ್ಲಿ ಎಷ್ಟೋ ರೋಗಿಗಳು ಈ ಒಂದೇ ಕಾರಣಕ್ಕೆ ಮೂಲೆ ರೂಮು ಸೇರಿರುತ್ತಾರೆ, ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ. ಗಾಯ ತೊಳೆದು, ಮೆಟ್ರೋನಿಡಜೋಲ್ ಮಾತ್ರೆಯ ಪುಡಿ ಉದುರಿಸಿ ಕಟ್ಟಿದರೆ ವಾಸನೆ ಬಹಳ ಮಟ್ಟಿಗೆ ಇಳಿಯುತ್ತದೆ. ಖರ್ಚು ಕೆಲವೇ ರೂಪಾಯಿ. ಇಷ್ಟು ಸಣ್ಣ ಕೆಲಸದಿಂದ ಒಬ್ಬ ಮನುಷ್ಯ ಮತ್ತೆ ಮನೆಯವರ ನಡುವೆ ಬಂದು ಕೂರಬಹುದು. ಇಂಥ ಗಾಯದವರು ಇರುವ ವಾರ್ಡಿನಲ್ಲೂ ವಾಸನೆ ಇಲ್ಲ ಎಂದರೆ ಅಲ್ಲಿಯ ನರ್ಸುಗಳ ಕೈಗೆ ನಮಸ್ಕಾರ ಹೇಳಬೇಕು. ಬರೀ ಫಿನಾಯಿಲ್ ವಾಸನೆ ಮೂಗಿಗೆ ರಾಚಿದರೆ ಏನನ್ನು ಮುಚ್ಚುತ್ತಿದ್ದಾರೆ ಎಂದು ಕೇಳಿಕೊಳ್ಳಿ.

ಅಮ್ಮನಿಗೆ ಹೇಳಬೇಡಿ

ನಮ್ಮ ಮನೆಗಳಲ್ಲಿ ದೊಡ್ಡ ಕಷ್ಟ ಇದು. "ಡಾಕ್ಟ್ರೇ, ಅಮ್ಮಂಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ದಯವಿಟ್ಟು ಹೇಳ್ಬೇಡಿ" ಎಂದು ಮಕ್ಕಳು ಬಾಗಿಲ ಹೊರಗೇ ಕೈ ಹಿಡಿದುಕೊಳ್ಳುತ್ತಾರೆ. ತಂಡ ಇದಕ್ಕೆ ಏನು ಮಾಡುತ್ತದೆ ಎಂದು ಗಮನಿಸಿ. "ಸರಿ" ಎಂದು ಸುಮ್ಮನಾಗುವವರು ಒಂದು ತರಹ. ನಿಮ್ಮ ಮಾತು ಮೀರಿ ಒಳಗೆ ಹೋಗಿ ಹೇಳಿಬಿಡುವವರು ಇನ್ನೊಂದು ತರಹ. ಎರಡೂ ಸಾಲದು. ಅನುಭವ ಇರುವವರು ಮೊದಲು ಮಕ್ಕಳ ಭಯ ಏನು ಎಂದು ಕೇಳುತ್ತಾರೆ. ಆಮೇಲೆ ಅಮ್ಮನ ಹತ್ತಿರ ಕೂತು, "ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸ್ತಿದೆ ಅಮ್ಮಾ?" ಎನ್ನುತ್ತಾರೆ. ಎಷ್ಟೋ ಸಲ ಅಮ್ಮನಿಗೆ ಎಲ್ಲ ಗೊತ್ತಿರುತ್ತದೆ, ಮಕ್ಕಳು ನೊಂದುಕೊಳ್ಳುತ್ತಾರೆ ಎಂದು ಅವರೂ ಬಾಯಿ ಬಿಟ್ಟಿರುವುದಿಲ್ಲ. ಅವರಿಗೆ ಬೇಕಾದಷ್ಟು, ಬೇಕಾದಾಗ ಹೇಳುವುದು ಕೌಶಲದ ಕೆಲಸ. ಅದಕ್ಕೆ ಸಮಯ ಇರುವ ಕೌನ್ಸೆಲರ್ ಇದ್ದಾರಾ ಎಂದು ಕೇಳಲೇಬೇಕು.

ಊಟದ ವಿಷಯವೂ ಹೀಗೆಯೇ. ತಿನ್ನದಿದ್ದರೆ ನಮಗೆ ಸಂಕಟ. ಮೂಗಿಗೆ ಪೈಪ್ ಹಾಕಿ, ಡ್ರಿಪ್ ಹಾಕಿ ಎಂದು ಒತ್ತಾಯಿಸುತ್ತೇವೆ. ಸಾವು ಹತ್ತಿರ ಬಂದಾಗ ಹಸಿವು ತಾನಾಗಿಯೇ ಹೋಗುತ್ತದೆ. ಆಗ ಸುರಿದ ನೀರು ಕಾಲು ಊತಕ್ಕೆ, ಎದೆ ಕಫಕ್ಕೆ ಸೇರುತ್ತದೆ. ಇದನ್ನು ಬೈಯದೆ ವಿವರಿಸಿ, ಎರಡು ಚಮಚ ಎಳನೀರು ಕುಡಿಸಲು, ಗಂಜಿಯಲ್ಲಿ ತುಟಿ ಒದ್ದೆ ಮಾಡಲು ನಿಮ್ಮ ಕೈಗೇ ಕೊಡುವವರು ಒಳ್ಳೆಯವರು.

ಕಾಗದ, ದುಡ್ಡು, ನಿಯಮ

ಇವನ್ನು ಬೇಗ ಮುಗಿಸಬಹುದು. ಒಳರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಜಾಗವಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ತೋರಿಸಲಿ. ಪುಕ್ಕಟೆ ಎಂದರೆ ಸುಮಾರು ಎನ್ನುವ ಅನುಮಾನ ಬೇಡ. ನಮ್ಮಲ್ಲಿ ದೀರ್ಘ ಅನುಭವದ ಹಾಸ್ಪಿಸ್‌ಗಳು ಹೆಚ್ಚಾಗಿ ದಾನದ ಮೇಲೆಯೇ ನಡೆಯುತ್ತವೆ. ದುಡ್ಡು ತೆಗೆದುಕೊಳ್ಳುವವರಾದರೆ ಔಷಧಿ, ಡ್ರೆಸ್ಸಿಂಗ್, ಆಕ್ಸಿಜನ್ ಪ್ಯಾಕೇಜಿನ ಒಳಗಾ ಹೊರಗಾ ಎಂದು ಬರೆಸಿಕೊಳ್ಳಿ. ಕೆಲವು ಕಡೆ ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಜಾಗ. ಕಿಡ್ನಿ, ಶ್ವಾಸಕೋಶ, ಮರೆವಿನ ಕಾಯಿಲೆಯವರಾದರೆ ಮೊದಲೇ ವಿಚಾರಿಸಿ. ಮೊಮ್ಮಕ್ಕಳನ್ನು ಬಿಡುತ್ತಾರಾ, ಮನೆಯವರೊಬ್ಬರು ರಾತ್ರಿ ಇರಬಹುದಾ, ಕೊನೆಗಳಿಗೆಯಲ್ಲಿ ತುಳಸಿ ನೀರು ಬಿಡಲು, ಖುರಾನ್ ಓದಲು, ಪಾದ್ರಿಯನ್ನು ಕರೆಸಲು ಅವಕಾಶ ಇದೆಯಾ ಎಂದೂ ಕೇಳಿ.

ವೆಂಟಿಲೇಟರ್ ಬೇಡ ಎಂದು ರೋಗಿ ಬರೆದಿಟ್ಟಿದ್ದರೆ ಆ ಪತ್ರವನ್ನು ಫೈಲಿಗೆ ಸೇರಿಸಿಕೊಳ್ಳುತ್ತಾರಾ? ಇಂಥ ಮುಂಗಡ ಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು. 2023ರಲ್ಲಿ ವಿಧಾನ ಸರಳವಾಯಿತು, ನೋಟರಿ ಮುಂದೆ ಸಹಿ ಮಾಡಿದರೂ ಆಗುತ್ತದೆ. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿ ಮಾಡಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಮನೆಯಲ್ಲೇ ನೋಡಿಕೊಳ್ಳುವವರು ಇನ್ನೊಂದು ಕೇಳಬೇಕು: ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪತ್ರ ಯಾರು ಕೊಡುತ್ತಾರೆ? ಚಿತಾಗಾರದಲ್ಲಿ ಅದನ್ನು ಕೇಳುತ್ತಾರೆ, 21 ದಿನದೊಳಗೆ ಮರಣ ನೋಂದಣಿಗೂ ಬೇಕು. ನೋಡುತ್ತಿದ್ದ ತಂಡದ ಡಾಕ್ಟರೇ ಕೊಟ್ಟರೆ ಸರಿ. ಇಲ್ಲದಿದ್ದರೆ ಅಳುವ ಹೊತ್ತಿನಲ್ಲಿ ಅಪರಿಚಿತ ಡಾಕ್ಟರನ್ನು ಹುಡುಕಿಕೊಂಡು ಬೀದಿ ಬೀದಿ ತಿರುಗಬೇಕಾಗುತ್ತದೆ. ಆಮೇಲಿನ ವಾರಗಳಲ್ಲಿ ಉಳಿದವರು ಹೇಗಿದ್ದಾರೆ ಎಂದು ಒಂದು ಫೋನ್ ಮಾಡುವ ತಂಡವಾದರೆ ಇನ್ನೂ ಒಳ್ಳೆಯದು.

ಸೇರಿಸಿದ ಮೇಲೆ

ಇಡೀ ಜಗತ್ತಿನಲ್ಲಿ ಪ್ಯಾಲಿಯೇಟಿವ್ ಕೇರ್ ಬೇಕಾದವರಲ್ಲಿ ಸುಮಾರು 14% ಮಂದಿಗೆ ಮಾತ್ರ ಅದು ಸಿಗುತ್ತಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಜಿಲ್ಲೆಗಳಲ್ಲಿ ಆರಿಸಲು ನಾಲ್ಕು ಜಾಗ ಇರುವುದಿಲ್ಲ, ಒಂದಿದ್ದರೆ ಅದೇ ಪುಣ್ಯ. ಹಾಗಾಗಿ ಈ ಪ್ರಶ್ನೆಗಳು ಸೇರಿಸಿದ ಮೇಲೂ ಉಪಯೋಗಕ್ಕೆ ಬರುತ್ತವೆ. ಎರಡು ಮೂರು ದಿನದಲ್ಲಿ ನೋವು ಇಳಿಯಬೇಕು, ರೋಗಿ ರಾತ್ರಿ ಒಂದಿಷ್ಟು ನಿದ್ದೆ ಮಾಡಬೇಕು. ಆಗದಿದ್ದರೆ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: ಡೋಸ್ ಯಾವಾಗ ಬದಲಿಸಿದಿರಿ, ಮುಂದೆ ಏನು ಮಾಡುತ್ತೀರಿ? ಕೇಳಿದ್ದಕ್ಕೆ ಮುಖ ಗಂಟು ಹಾಕುವವರಿದ್ದರೆ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ, ಹತ್ತಿರದ ಮೆಡಿಕಲ್ ಕಾಲೇಜಿನಲ್ಲೋ ನೋವಿನ ವಿಭಾಗವನ್ನು ವಿಚಾರಿಸಿ. ರೋಗಿಯನ್ನು ಹೊತ್ತುಕೊಂಡು ಹೋಗಬೇಕೆಂದೇನಿಲ್ಲ, ಫೈಲ್ ತೆಗೆದುಕೊಂಡು ಹೋಗಿ ಮಾತಾಡಿದರೂ ದಾರಿ ಸಿಗಬಹುದು. ಜಾಗ ಬದಲಿಸುವುದೇ ಆದರೆ ಮಾರ್ಫಿನ್ ಡೋಸ್ ಎಷ್ಟಿತ್ತು, ಕೊನೆಯ ಸಲ ಎಷ್ಟು ಹೊತ್ತಿಗೆ ಕೊಟ್ಟರು ಎಂದು ಬರೆಸಿಕೊಳ್ಳಿ. ಕೆಲವು ದಿನಕ್ಕೆ ಸಾಲುವಷ್ಟು ಮಾತ್ರೆಯನ್ನೂ ಚೀಟಿಯನ್ನೂ ಕೇಳಿ ತೆಗೆದುಕೊಳ್ಳಿ. ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಅದು ಸಿಗುವುದಿಲ್ಲ, ಥಟ್ಟನೆ ನಿಲ್ಲಿಸಿದರೆ ನೋವು ಮೊದಲಿಗಿಂತ ಜೋರಾಗಿ ಬರುತ್ತದೆ.